ಅವರು ನಿಮಗೆ ಏನಾಗಬೇಕು?

ಇಬ್ಬರು ಜೊತೆಗೆ ಕಂಡರೆ ಸಾಕು, ನಮ್ಮ ಜನ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: 'ಅವರು ನಿಮಗೆ ಏನಾಗಬೇಕು?' ಈ ವಾಕ್ಯವೇ ಸರಿಯಿಲ್ಲ. ಸಂಬಂಧ ಎಂಬುದು ಆಗಿರುವ ಸಂಗತಿ, ಇನ್ನು ಮುಂದೆ ಆಗಬೇಕಾದ್ದಲ್ಲ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಕಲಿತು, ವಳಸಂಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ತಪ್ಪು ವಾಕ್ಯ ಕಿವಿಗೆ ಬಿದ್ದರೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತದೆ. ಆದರೆ ನನ್ನ ಪಕ್ಕದ ಮನೆಯಲ್ಲಿ ಈ ಕಲ್ಲನ್ನು ಇಡೀ ಆಯುಷ್ಯ ಕಡಿದವರಿಬ್ಬರಿದ್ದರು.

ಒಬ್ಬರು ತಿಕೋಂಡಿಯ ಲಿಂಗಾಯತರ ಮನೆಯವರು, ನರ್ಸು. ಊರಿಗೆಲ್ಲ ಸಿಸ್ಟರ್‌ಬಾಯಿ. ಇನ್ನೊಬ್ಬರು ಉಟಗಿಯ ಕುರುಬರ ಮನೆಯವರು, ಹೊಲಿಗೆ ಮಾಡುವ ಟೇಲರ್‌ಬಾಯಿ. ಇಬ್ಬರೂ ಮದುವೆ ಒಲ್ಲೆನೆಂದು ಮನೆ ಬಿಟ್ಟವರು. ಹರೆಯದಲ್ಲಿ ಕೂಡಿ, ಗಂಡಹೆಂಡಿರ ಹಾಗೆ ಬದುಕಿದರು. ಟೀವಿಯವರು ಈಗ ಅದಕ್ಕೆ ಸಲಿಂಗ ಸಂಬಂಧ ಎನ್ನುತ್ತಾರೆ. ಆಗ ನಮ್ಮ ಓಣಿಗೆ ಟೀವಿಯೂ ಬಂದಿರಲಿಲ್ಲ, ಆ ಪದವೂ ಬಂದಿರಲಿಲ್ಲ.

ಮನೆ ಸಿಸ್ಟರ್‌ಬಾಯಿಯದು. 'ನಾ ಮೊದಲ ಹೋದ್ರ ಇಕಿನ್ನ ಹೊರಗ ಹಾಕ್ತಾರ್ರಿ ಸರ್' ಎಂದು ಗೋಡೆಯ ಆಚೆಯಿಂದ ಹೇಳುತ್ತಿದ್ದರು. 'ಹಂಗಾರ ಮನಿ ಅವರ ಹೆಸರಿಗೆ ಮಾಡ್ರಿ' ಎಂದು ನಾನಂದರೆ, 'ಮಾಡೋಣ್ರಿ, ಏನ್ ಅವಸರ?' ಊರಿಗೆಲ್ಲ ಲಗುಬಗೆಯಿಂದ ಸೂಜಿ ಚುಚ್ಚುವ ಹೆಂಗಸಿಗೆ ಇದೊಂದಕ್ಕೆ ಮಾತ್ರ ಅವಸರವಿರಲಿಲ್ಲ.

ಮನೆಗೊಬ್ಬ ಗಂಡು

ಮೊದಲು ಅವರು ಆ ಮನೆಗೆ ಬಾಡಿಗೆಗೆ ಬಂದವರು. ಮಾಲಕ ಮುದುಕ ಬಾಗಿಲಿಗೆ ಅಡ್ಡ ನಿಂತ.

'ಮನ್ಯಾಗ ಗಂಡು ಯಾರದಾರ?'

'ಯಾಕ್ರಿ? ಏನ್ ಕೆಲಸೈತಿ ಹೇಳ್ರಿ, ನಾವ ಮಾಡ್ತೀವಿ' ಎಂದರು ಸಿಸ್ಟರ್‌ಬಾಯಿ.

'ಕೆಲಸದ ಮಾತಲ್ಲವಾ. ಗಂಡು ಅಂತ ಒಂದು ಬಾಗಲದಾಗ ಕಾಣಬೇಕು. ಇಲ್ಲಂದ್ರ ಮಂದಿ ನನಗ ಉಗುಳ್ತಾರ.'

ಟೇಲರ್‌ಬಾಯಿ ಉಟಗಿಗೆ ಹೋಗಿ ಅಣ್ಣನ ಹಿಂಡಿನಿಂದ ಕೋಡಿನ ಟಗರೊಂದನ್ನು ಎಳೆದು ತಂದು ಬಾಗಿಲಿಗೆ ಕಟ್ಟಿದರು. ಮಾಲಕ ನೋಡಿದ. ಟಗರೂ ಅವನನ್ನು ನೋಡಿತು.

'ಇದೇನವಾ?'

'ಗಂಡು. ಕುಡಿಯಂಗಿಲ್ಲ, ಬಡಿಯಂಗಿಲ್ಲ. ಇದಕ್ಕಿಂತ ಚಲೋದು ನಿಮ್ಮೂರಾಗ ಇದ್ರ ತೋರಸ್ರಿ, ಇದನ್ನ ಬಿಚ್ತೀನಿ.'

ಮುದುಕ ಓಣಿಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ ಕೀಲಿಕೈ ಕೊಟ್ಟ. ಮುಂದೆ ಸಿಸ್ಟರ್‌ಬಾಯಿ ಅದೇ ಮನೆ ಕೊಂಡರು.

ಆ ಹೆಸರಿನಾಕಿ

ಆ ಕಾಲದಲ್ಲಿ ಗಂಡ ಬಿಟ್ಟವರು, ಗಂಡನನ್ನು ಬಿಟ್ಟು ಬಂದವರು, ಯಾರ್ಯಾರೋ ಹೆಂಗಸರು ಆ ಮನೆಯಲ್ಲಿ ಇರುತ್ತಿದ್ದರು. ಒಂದೇ ಒಲೆ, ಒಂದೇ ಸಾಲು ಹಾಸಿಗೆ. ಕೆಲವರು ತಿಂಗಳಲ್ಲಿ ಹೋದರು, ಕೆಲವರು ವರ್ಷಗಟ್ಟಲೆ ಉಳಿದರು.

ಒಂದು ಮಧ್ಯಾಹ್ನ ಒಬ್ಬ ಕುಡಿದು ಬಂದು ಬಾಗಿಲು ಗುದ್ದಿದ. ಅವನ ಹೆಂಡತಿ ಹಿಂದಿನ ದಿನವಷ್ಟೇ ಹಣೆ ಒಡೆದುಕೊಂಡು ಒಳಗೆ ಬಂದಿದ್ದಳು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ. ಅವನು ಗಂಡನ ಮನೆಯಲ್ಲಿಟ್ಟ ಹೆಸರು ಹಿಡಿದು ಕೂಗುತ್ತಿದ್ದ. ಅವಳು ಒಳಗೆ ಬಂದವಳೇ ತವರಿನ ಹೆಸರಿಗೆ ತಿರುಗಿದ್ದಳು.

ಕೂಗಿ ಸಾಕಾಗಿ ನನ್ನ ಕಡೆ ಬಂದ. 'ಸರ್, ನೀವು ಸುಳ್ಳು ಹೇಳಂಗಿಲ್ಲ ಅಂತ ಊರಿಗೇ ಗೊತ್ತೈತಿ. ನನ್ನ ಹೆಂಡ್ತಿ ಒಳಗ ಅದಾಳೋ ಇಲ್ಲೋ?'

'ಯಾರನ್ನು ಹುಡುಕುತ್ತಿದ್ದೀರಿ? ಹೆಸರು ಸ್ಪಷ್ಟವಾಗಿ ಹೇಳಿ.'

ಹೇಳಿದ.

'ಆ ಹೆಸರಿನವರು ಆ ಮನೆಯಲ್ಲಿ ಯಾರೂ ಇಲ್ಲ.'

ಕೈ ಮುಗಿದು ಹೋದ. ನನ್ನ ಸತ್ಯನಿಷ್ಠೆಯಿಂದ ಒಬ್ಬರಿಗಾದರೂ ಉಪಯೋಗವಾದದ್ದು ಅದೊಂದೇ ಸಲ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಅರ್ಧ ಟಿಕೀಟು

ಒಬ್ಬೊಬ್ಬರಾಗಿ ಆ ಹೆಂಗಸರೆಲ್ಲ ಹೋದರು. ಕೆಲವರು ಮಕ್ಕಳ ಮನೆಗೆ, ಕೆಲವರು ಮಣ್ಣಿಗೆ. ಕೊನೆಗೆ ಇವರಿಬ್ಬರೇ ಮುದುಕಿಯರಾಗಿ ಉಳಿದರು. ಟೇಲರ್‌ಬಾಯಿ ಹೊರಗಿನವರ ಮುಂದೆ ಸಿಸ್ಟರ್‌ಬಾಯಿಯನ್ನು 'ನಮ್ಮ ಮನಿಯವ್ರು' ಎನ್ನುತ್ತಿದ್ದರು. ನಮ್ಮಲ್ಲಿ ಹೆಂಗಸರು ಹಾಗೆನ್ನುವುದು ಗಂಡನಿಗೆ.

ಕನ್ನಡ ಮಾತಾಡಿದರೂ ನಮ್ಮೂರು ಗಡಿಯಾಚೆಯ ಮರಾಠಿ ರಾಜ್ಯದ್ದು. ಅಲ್ಲಿಯ ಸರಕಾರಿ ಎಸ್ಟಿ ಬಸ್ಸಿನಲ್ಲಿ ಈಗ ಹೆಂಗಸರಿಗೆ ಅರ್ಧ ದರ. ಒಂದು ಸಲ ಜತ್ತಿಗೆ ಹೋಗುವಾಗ ಬಸ್ಸು ಕಿಕ್ಕಿರಿದಿತ್ತು. ಟೇಲರ್‌ಬಾಯಿ ಪಕ್ಕದ ಸೀಟಿಗೆ ಚೀಲ ಇಟ್ಟು ಕೂತಿದ್ದರು. 'ನಮ್ಮ ಮನಿಯವ್ರು ಬರಾಕತ್ಯಾರ. ಇಬ್ಬರಿಗೂ ಅರ್ಧ ಕೊಡ್ರಿ.'

'ಆಜಿ, ಅರ್ಧ ನಿಮಗಷ್ಟ. ಮನಿಯವ್ರಿಗೆ ಪೂರಾ' ಎಂದ ಕಂಡಕ್ಟರ್.

'ಅವರಿಗೂ ಅರ್ಧನ.'

'ಕಾಯ್ದೆ ಐತ್ರಿ ಆಜಿ! ಗಂಡಸರಿಗೆ ಪೂರಾ!'

ಅಷ್ಟರಲ್ಲಿ ಸಿಸ್ಟರ್‌ಬಾಯಿ ಏದುಸಿರು ಬಿಡುತ್ತ ಹತ್ತಿ ಬಂದು ಕೂತರು. ಕಂಡಕ್ಟರ್ ಅವರ ಹಿಂದೆ ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. ಇವರ ಮುಖ ನೋಡಿದ, ಅವರ ಮುಖ ನೋಡಿದ, ಎರಡು ಅರ್ಧ ಟಿಕೀಟು ಹರಿದ.

'ನೋಡ್ರಿ ಸರ್' ಎಂದು ಟೇಲರ್‌ಬಾಯಿ ಹಿಂದಿನ ಸೀಟಿನಲ್ಲಿದ್ದ ನನ್ನತ್ತ ತಿರುಗಿದರು. 'ಇಷ್ಟ ವರ್ಷದಾಗ ಸರಕಾರ ನಮ್ಮ ಸಂಸಾರಕ್ಕ ಮಾಡಿದ ಉಪಕಾರ ಇದೊಂದ.'

ಆಸ್ಪತ್ರೆಯ ಬಾಗಿಲು

ಹೋದ ವರ್ಷ ಸಿಸ್ಟರ್‌ಬಾಯಿಗೆ ಲಕ್ವ ಹೊಡೆಯಿತು. ವಿಜಯಪುರದ ಒಂದು ಆಸ್ಪತ್ರೆಗೆ ಒಯ್ದೆವು. ಐಸಿಯು ಬಾಗಿಲಲ್ಲಿ ಕಾವಲಿನವ ಕೈ ಅಡ್ಡ ಹಿಡಿದ. ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ. 'ತಂಗಿ ಅನ್ರಿ' ಎಂದು ಜೊತೆಗೆ ಬಂದವರು ಟೇಲರ್‌ಬಾಯಿಗೆ ಪಿಸುಗುಟ್ಟಿದರು. ನಾನು ಎದುರಿಗೇ ಇದ್ದೆ. ನನ್ನ ಮುಂದೆ ಸುಳ್ಳು ಹೇಳಲು ಅವರಿಗೆ ಸಂಕೋಚವಾಗಿರಬೇಕು.

'ಅಜ್ಜಿ, ಒಳಗಿದ್ದಾರಲ್ಲ, ಅವರು ನಿಮಗ ಏನಾಗಬೇಕು?'

'ಆರಾಮ ಆಗಬೇಕಪಾ' ಎಂದರು ಟೇಲರ್‌ಬಾಯಿ.

ಕಾವಲಿನವ ಕೈ ಇಳಿಸಿದ. ಆ ವಾಕ್ಯಕ್ಕೆ ಅದಕ್ಕಿಂತ ಸರಿಯಾದ ಉತ್ತರ ನಾನು ಕೇಳಿಲ್ಲ. ಆದರೆ ಸಿಸ್ಟರ್‌ಬಾಯಿ ಆರಾಮ ಆಗಲಿಲ್ಲ.

ಬಳೆಯ ಜಗಳ

ಹೆಣ ಊರಿಗೆ ಬಂತು. ಅದರ ಬೆನ್ನಿಗೇ ಸಿಸ್ಟರ್‌ಬಾಯಿಯ ಅಣ್ಣನ ಮಗ ಜೀಪಿನಲ್ಲಿ ಬಂದಿಳಿದ. ಕೈಯಲ್ಲಿ ಹೂವಿನ ಹಾರವಿರಲಿಲ್ಲ, ಹೊಸ ಬೀಗವಿತ್ತು. 'ಮಣ್ಣಾದ ಮ್ಯಾಲ ಮನಿಗೆ ಬೀಗ ಹಾಕ್ತೀವಿ. ಈ ಮುದುಕಿ ಬಾಡಗಿಗೆ ಇದ್ದಾಕಿ, ಎಲ್ಲೆರೆ ಹೋಗ್ಲಿ' ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಯಾರೂ ಅವನತ್ತ ತಿರುಗಲಿಲ್ಲ. ಒಳಗೆ ಓಣಿಯ ಮುದುಕಿಯರ ನಡುವೆ ದೊಡ್ಡ ಜಗಳ ಹತ್ತಿತ್ತು.

'ಹಸರು ಸೀರಿ ತರ್ರಿ. ಮುತ್ತೈದಿ ಸಾವು ಬಂದೈತಿ ಪುಣ್ಯಾತಗಿತ್ತಿಗೆ' ಎಂದಳು ಒಬ್ಬಳು.

'ಹೆಂಗ ಮುತ್ತೈದಿ? ಹೊರಗ ಹೋಗಿ ದುಡದಾಕಿ ಯಾರು? ಸಿಸ್ಟರ್‌ಬಾಯಿ. ಅಂದ್ರ ಗಂಡ ಆಕಿ. ಟೇಲರ್‌ಬಾಯಿ ಬಳಿ ಒಡೀಬೇಕು' ಎಂದಳು ಇನ್ನೊಬ್ಬಳು.

'ಅಡಗಿ ಯಾರು ಮಾಡ್ತಿದ್ರು?'

'ಸಿಸ್ಟರ್‌ಬಾಯಿನ. ಇಕಿ ಬಡದ ರೊಟ್ಟಿ ನಾಯಿನೂ ಮೂಸ್ತಿದ್ದಿಲ್ಲ.'

'ಮತ್ತ ಸಿಸ್ಟರ್‌ಬಾಯಿ ಹೆಂಡ್ತಿ ಆದ್ಲಲ್ಲ! ತರ್ರಿ ಹಸರು ಸೀರಿ!'

'ಟಗರು ತಂದು ಕಟ್ಟಿದಾಕಿ ಯಾರು? ಅದು ಗಂಡಸರ ಕೆಲಸ ಅಲ್ಲೇನು?'

ಕ್ರಿಯೆಗಾಗಿ ಬಂದ ಸ್ವಾಮಿಗಳು, 'ಸರ್, ನೀವ ಹೇಳ್ರಿ. ಗಂಡ ಯಾರು?' ಎಂದು ನನ್ನನ್ನೇ ಕೇಳಿದರು. ಕರ್ತೃ, ಕರ್ಮ ಬಿಡಿಸುವುದರಲ್ಲೇ ತಲೆ ನರೆತ ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

ಬಾಡಿಗೆಯವಳ ಬಳೆಗಾಗಿ ಹೀಗೆ ಬಡಿದಾಡುವ ಓಣಿ ಭೂಮಿಯ ಮೇಲಿಲ್ಲ. ಅಣ್ಣನ ಮಗನಿಗೂ ಅದು ಹೊಳೆಯಿತು. ಕಾಯ್ದೆಯ ಮಾತು ಬೇರೆ. ಆದರೆ ಈ ಹೆಂಗಸರ ಎದುರು ಆ ಬಾಗಿಲಿಗೆ ಬೀಗ ಹಾಕಿ ಊರು ದಾಟುವ ಧೈರ್ಯ ಅವನಲ್ಲಿರಲಿಲ್ಲ. ಬೀಗವನ್ನು ಜೀಪಿನಲ್ಲಿಟ್ಟು ಬಂದು, ಹೊಸ್ತಿಲಲ್ಲಿ ತಲೆಗೆ ಕೈಹೊತ್ತು ಕೂತ.

ಟೇಲರ್‌ಬಾಯಿ ಅಲ್ಲಿಯತನಕ ಹೆಣದ ಕೈ ಹಿಡಿದು ಕೂತಿದ್ದರು. ಈಗ ತಲೆ ಎತ್ತಿದರು. 'ಇಬ್ಬರೂ ಹೆಂಗಸರ ಇದ್ವಿ. ಆಕಿಗೆ ಹಸರು ಸೀರಿ ಉಡಸ್ರಿ. ನನ್ನ ಬಳಿ ಆಕಿ ಇಡಿಸಿದ್ದು, ಒಡ್ಯಾಕ ನಾ ಕೊಡಂಗಿಲ್ಲ.'

ಎಲ್ಲರಿಗಿಂತ ಹಿರಿಯ ಮುದುಕಿಗೆ ಇದು ಬಗೆಹರಿಯಲಿಲ್ಲ. 'ಅಯ್ಯ ತಂಗಿ, ಸತ್ತಾಕಿನೂ ಮುತ್ತೈದಿ, ಉಳದಾಕಿನೂ ಮುತ್ತೈದಿ ಅಂದ್ರ, ಈ ಮನ್ಯಾಗ ವಿಧವಿ ಆದಾವ್ರು ಯಾರು?'

ಟೇಲರ್‌ಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲ ಕಡೆ ಮುಖ ಮಾಡಿದರು.

'ಹೊಸ್ತಲದಾಗ ಕುಂತಾನಲ್ಲ, ಅವನ ಮಾರಿ ನೋಡ್ರಿ. ಕೇಳಬೇಕೇನು?'