ತಾನೇ ಹೂ ಬಿಡುವ ಗಿಡ

ನಮ್ಮ ಮನೆಯಲ್ಲಿ ನನ್ನ ಮಾತು ಕೇಳುವ ವಸ್ತು ಒಂದೂ ಇಲ್ಲ. ಟಿ.ವಿ. ರಿಮೋಟು ಮಲ್ಲೇಶ್ವರಿಯ ಕೈಯಲ್ಲಿರುತ್ತದೆ, ಮನೆಯ ಕೀಲಿಗಳೆಲ್ಲ ಅವಳ ಸೊಂಟದಲ್ಲಿರುತ್ತವೆ, ನಾನೇ ಹೊತ್ತು ತಂದ ಟೇಬಲ್ ಫ್ಯಾನು ಕೂಡ ಅವಳ ಕಡೆಗೇ ಮುಖ ಮಾಡಿ ತಿರುಗುತ್ತದೆ. ಗಂಗಾವತಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿರುವ ಗುರುಬಸವ ಮಾಸ್ತರ ನಾನು. ತರಗತಿಗೆ ಕಾಲಿಟ್ಟರೆ ಅರವತ್ತು ಹುಡುಗರು ಉಸಿರು ಬಿಗಿಹಿಡಿಯುತ್ತಾರೆ. (ಉಸಿರಲ್ಲ, ನಗು ಬಿಗಿಹಿಡಿಯುತ್ತಾರೆ ಎಂದು ನಮ್ಮ ಡ್ರಿಲ್ ಮಾಸ್ತರರ ಅಭಿಪ್ರಾಯ. ಅದು ಅವರ ಹೊಟ್ಟೆಕಿಚ್ಚು.) ಅದೇ ನಾನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ, "ರೀ, ಚಪ್ಪಲಿ ಅಲ್ಲಲ್ಲ, ಇಲ್ಲಿ" ಎಂದು ಶುರುವಾಗುತ್ತದೆ.

ಭಾನುವಾರದ ಮಾರ್ಕೆಟ್ಟು ನನ್ನ ಪಾಲಿನ ಕೆಲಸ. ಅದರಲ್ಲೂ ಪೂರ್ಣಾಧಿಕಾರವಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಮೆಂತ್ಯೆ ತಾ ಎಂದರೆ ರಾಜಗಿರಿ ತಂದಿದ್ದೆ. ಅಂದಿನಿಂದ ಇಪ್ಪತ್ತನಾಲ್ಕು ವರ್ಷ, ತಪ್ಪಲುಪಲ್ಲೆ ಮುಟ್ಟುವ ಹಕ್ಕು ನನಗಿಲ್ಲ. ಉಳ್ಳಾಗಡ್ಡಿ, ಬಟಾಟಿ, ಹೆಚ್ಚೆಂದರೆ ಬದನೆಕಾಯಿ. ಹಸಿರು ಎಲೆಗಳನ್ನು ನಾನು ಕಾಣುವುದು ಒಗ್ಗರಣೆ ಬಿದ್ದು ತಟ್ಟೆಗೆ ಬಂದ ಮೇಲೆಯೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋದದ್ದು ಇದರಿಂದಲೇ.

ಜೂನ್ ತಿಂಗಳಲ್ಲಿ ಸಾಣಾಪುರಕ್ಕೆ ಹೋಗಿದ್ದೆ. ಅಲ್ಲಿ ಕೆರೆಯ ಹತ್ತಿರ ನನ್ನ ಹಳೆಯ ಶಿಷ್ಯ ರಫೀ ನಾಲ್ಕು ಖೋಲಿಯ ಗೆಸ್ಟ್‌ಹೌಸ್ ನಡೆಸುತ್ತಾನೆ. ಚಹಾ ಕುಡಿಸಿದವನೇ ನನ್ನ ಮುಂದೆ ಒಂದು ರಟ್ಟಿನ ಡಬ್ಬಿ ತಂದಿಟ್ಟ. ಯಾರೋ ಜಡೆಗಟ್ಟಿದ ಪ್ರವಾಸಿ ಗಡಿಬಿಡಿಯಲ್ಲಿ ಖೋಲಿ ಖಾಲಿ ಮಾಡುವಾಗ ಬಿಟ್ಟುಹೋದದ್ದಂತೆ. ಒಳಗೆ ದಪ್ಪ ಕಂಬಳಿಯಂಥ ಕಪ್ಪು ಬಟ್ಟೆಯಲ್ಲಿ ಹೊಲಿದ ಮೂರು ಕುಂಡಗಳು, ಒಂದು ನೇರಳೆ ಬೆಳಕಿನ ದೀಪ, ಆರು ಬೀಜಗಳಿದ್ದ ಒಂದು ಪಾಕೀಟು. ಪಾಕೀಟಿನ ಮೇಲೆ ಬೆರಳು ಬಿಡಿಸಿದ ಅಂಗೈಯಂಥ ಎಲೆಯ ಚಿತ್ರ.

"ಗಾಂಜಾ ರೀ ಸರ" ಎಂದ ರಫೀ, ಧ್ವನಿ ತಗ್ಗಿಸಿ. "ಅದೂ ಆಟೋ ಜಾತಿದು. ಮನಿ ಒಳಗ ಬೆಳಸ್ತಾರಂತ. ಹಗಲೆಷ್ಟು, ಕತ್ತಲೆಷ್ಟು ಏನೂ ಕೇಳಂಗಿಲ್ಲಂತ. ಎಪ್ಪತ್ತು ದಿನಕ್ಕ ತನ್ನಷ್ಟಕ್ಕ ತಾನ ಹೂ ಬಿಡತೈತಂತ. ನನಗ ಈ ಝಂಝಾಟ ಬ್ಯಾಡ್ರಿ. ಹೋಗೋ ಮುಂದ ಕಾಲುವಿಗೆ ಒಗದು ಹೋಗ್ರಿ."

ಕಾಲುವೆಯ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಿದೆ. ಡಬ್ಬಿ ಎತ್ತಿದೆ. ಎತ್ತಿದವನು ಹಾಗೇ ನಿಂತೆ. ಯಾರ ಅಪ್ಪಣೆಗೂ ಕಾಯದೆ ತಾನೇ ಹೂ ಬಿಡುವ ಗಿಡ! ಐವತ್ತೆರಡು ವರ್ಷದ ನನ್ನ ಬಾಳಿನಲ್ಲಿ ನಾನು ಕೇಳಿದ ಅತ್ಯಂತ ಸ್ವತಂತ್ರ ಜೀವಿ ಅದು. ನಿಶೆಯ ಆಸೆ ಇತ್ತೇ ಎಂದರೆ, ಸುಳ್ಳೇಕೆ ಹೇಳಲಿ, ಅರ್ಧ ಇತ್ತು. ಉಳಿದರ್ಧ, ಮಲ್ಲೇಶ್ವರಿ ತಿದ್ದಲಾಗದ ವಸ್ತು ಒಂದಾದರೂ ನನ್ನದಾಗಿರಲಿ ಎಂಬ ಹಂಬಲ. ಡಬ್ಬಿ ನೀರಿಗೆ ಹೋಗಲಿಲ್ಲ. ಮನೆಗೆ ಬಂತು.

ಹೆದರಿಕೆ ಇರಲಿಲ್ಲವೆಂದಲ್ಲ. ಸಿಕ್ಕಿಬಿದ್ದರೆ ಜೈಲು, ನೌಕರಿ ಹೋಗುತ್ತದೆ, ಪಿಂಚಣಿ ಹೋಗುತ್ತದೆ, ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು ಐಶ್ವರ್ಯ ಮುಖ ಮುಚ್ಚಿಕೊಂಡು ತಿರುಗಬೇಕಾಗುತ್ತದೆ. ಇದರ ಮೇಲೆ ಮಲ್ಲೇಶ್ವರಿಯ ತಮ್ಮ ಉಮಾಪತಿ ಕುಷ್ಟಗಿಯಲ್ಲಿ ಅಬಕಾರಿ ಮುಖ್ಯಪೇದೆ. ಎಲ್ಲಿ ಗಾಂಜಾ ಹಿಡಿದರೂ ಕಿತ್ತ ಗಿಡದ ಪಕ್ಕ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಂಡು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಹೆಂಗಸರೆಲ್ಲ ಅದಕ್ಕೆ ಕೈ ಮುಗಿಯುವ ಚಿತ್ರ ಕಳಿಸುತ್ತಾರೆ.

ಆದರೂ ಕೆಲಸ ಶುರು ಮಾಡಿದೆ. ಮೇಲೆ ಐಶ್ವರ್ಯ ಓದುತ್ತಿದ್ದ ಖೋಲಿ ಖಾಲಿ ಇತ್ತು. "ಎಸ್ಸೆಸ್ಸೆಲ್ಸಿ ಪ್ರಶ್ನೆಕೋಶ ತಯಾರ ಮಾಡಬೇಕು, ಭಾಳ ಗುಪ್ತ" ಎಂದು ಹೇಳಿ ಬೀಗ ಹಾಕಿದೆ. ಮಸಾರಿ ಮಣ್ಣು ತಂದೆ. ಹಾಲು ಹಾಕುವ ಹುಲಿಗವ್ವನಿಗೆ ಗುಟ್ಟಾಗಿ ಹೇಳಿ ಎರಡು ಬುಟ್ಟಿ ತಿಪ್ಪೆಗೊಬ್ಬರ ತರಿಸಿದೆ. ಕುಂಡ ಒಂದಕ್ಕೆ ಎರಡರಂತೆ ಬೀಜ ಊರಿದೆ. ತ್ರಿಕೋನದ ಶೃಂಗಗಳಂತೆ ಕುಂಡಗಳಿಗೆ ಅ, ಬ, ಕ ಎಂದು ಚೀಟಿ ಅಂಟಿಸಿ ದೀಪ ಹಚ್ಚಿದೆ. ಕೆಳಗಿನ ಟೇಬಲ್ ಫ್ಯಾನೂ ಮೇಲೆ ಬಂತು.

ಐದನೆಯ ದಿನ ಆರೂ ಮೊಳಕೆ ತಲೆ ಎತ್ತಿದ್ದವು. ನನ್ನ ಕಣ್ಣಲ್ಲಿ ನೀರು ಬಂತು. ಐಶ್ವರ್ಯ ಹುಟ್ಟಿದಾಗಲೂ ನಾನು ಹೀಗೆ ಅತ್ತಿರಲಿಲ್ಲ. (ಆಗ ಅಳಲು ನನ್ನತ್ತೆ ಬಿಡಲಿಲ್ಲ, ಬಿಸಿನೀರು ತರಲು ಓಡಿಸಿದ್ದರು.)

ಮುಂದೆ ಎರಡು ತಿಂಗಳು ನನ್ನ ತಪಸ್ಸು ನಡೆಯಿತು. ಶಾಲೆಯಿಂದ ಬಂದವನೇ ಮೇಲೆ ಓಡುತ್ತಿದ್ದೆ. ನೇರಳೆ ಬೆಳಕಿನಲ್ಲಿ ಎಲೆ, ಮಣ್ಣು, ನನ್ನ ಕೈ, ಎಲ್ಲ ಒಂದೇ ಬಣ್ಣವಾಗಿ ಕಾಣುತ್ತಿತ್ತು. ಎಲೆಗಳು ಪಾಕೀಟಿನ ಚಿತ್ರದ ಹಾಗೇ ಬೆರಳು ಬಿಡಿಸಿದವು. ನನ್ನ ಚಿಂತೆ ಇದ್ದದ್ದು ವಾಸನೆಯದು. ಈ ಗಿಡದ ವಾಸನೆ ಓಣಿಯ ತನಕ ಹೋಗುತ್ತದೆಂದು ಮೊಬೈಲಿನಲ್ಲಿ ಓದಿದ್ದೆ. ಅದಕ್ಕೇ ಮೆಹಬೂಬಸಾಬನ ಅಂಗಡಿಯಿಂದ ಲೋಬಾನ ತಂದು ಹೊತ್ತು ಹೊತ್ತಿಗೆ ಹೊಗೆ ಹಾಕತೊಡಗಿದೆ. ನಾಲ್ಕನೆಯ ಸಲ ಹೋದಾಗ ಅವನು ಪುಡಿ ಕಟ್ಟುತ್ತ, "ಸರ, ಮನ್ಯಾಗ ಗಾಳಿ-ಗೀಳಿ ಏನರ ಸೇರೈತೇನ್ರಿ? ನಮ್ಮ ದರ್ಗಾದಾಗ ಒಬ್ರು ಛಲೋ ತಾಯತ ಕಟ್ತಾರ" ಎಂದು ಕನಿಕರ ತೋರಿಸಿದ.

ಮಲ್ಲೇಶ್ವರಿ ಒಮ್ಮೆ ಕೇಳಿದಳು, "ಗಣಿತದ ಪ್ರಶ್ನಿಗೆ ಲೋಬಾನ ಯಾಕ್ರಿ?"

"ಏಕಾಗ್ರತೆಗೆ."

"ಫ್ಯಾನು?"

"ಅದೂ ಏಕಾಗ್ರತೆಗೆ."

"ಹೌದೌದು" ಎಂದು ಸೆರಗಿನಿಂದ ಬೀಸಿಕೊಳ್ಳುತ್ತ ಒಳಗೆ ಹೋದಳು. ಎರಡನೆಯ ಪ್ರಶ್ನೆಗೇ ನಿಲ್ಲಿಸುವ ಹೆಂಗಸು ಅವಳಲ್ಲ. ನಾನು ಆಗಲೇ ಸಂಶಯಪಡಬೇಕಿತ್ತು.

ಎಪ್ಪತ್ತನೆಯ ದಿನ ಬಂತು, ಹೂವಿಲ್ಲ. ಎಂಬತ್ತಾಯಿತು, ಮೊಗ್ಗೂ ಇಲ್ಲ. ಗಿಡಗಳು ನನ್ನ ಎದೆಮಟ್ಟಕ್ಕೆ ಬೆಳೆದು ಸುಮ್ಮನೆ ನಿಂತಿದ್ದವು. ನನ್ನ ಮನೆಗೆ ಬಂದ ಮೇಲೆ ಅವಕ್ಕೂ ಸ್ವಾತಂತ್ರ್ಯ ಮರೆತಿರಬೇಕು ಎಂದುಕೊಂಡೆ. ಕೊನೆಗೆ ಒಂದು ಭಾನುವಾರ ತಾಳ್ಮೆ ಕೆಟ್ಟು, ಲಾಗರಿದಮ್ ಪುಸ್ತಕದಲ್ಲಿಟ್ಟು ಒಣಗಿಸಿದ್ದ ನಾಲ್ಕು ಎಲೆಗಳನ್ನು ಪುಡಿ ಮಾಡಿ, ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಸುತ್ತಿ, ಬಾಗಿಲು ಹಾಕಿ ಸೇದಿದೆ.

ಮೊದಲು ಕೆಮ್ಮಿದೆ, ಎಷ್ಟೆಂದರೆ ಕರುಳು ಬಾಯಿಗೆ ಬಂತು. ಆಮೇಲೆ ತಲೆ ಗಿರ್ರೆಂದಿತು. ಗೋಡೆ ಉಸಿರಾಡುವಂತೆ ಕಂಡಿತು. ಸಮಾಂತರ ರೇಖೆಗಳು ಎಲ್ಲಿಯೂ ಏಕೆ ಸೇರುವುದಿಲ್ಲವೆಂದು ಅಂದು ನನಗೆ ಹೃದಯದಿಂದ ಅರ್ಥವಾಯಿತು. ಗಂಡಸುತನ ಉಕ್ಕಿ ಬಂತು. ಮೆಟ್ಟಿಲಿಳಿದು ಬಂದರೆ ಮಲ್ಲೇಶ್ವರಿ ಎಂದಿನಂತೆ ಮಾರ್ಕೆಟ್ ಚೀಲ ಚಾಚಿದಳು.

"ಇವತ್ತ ನಾ ಹೋಗಂಗಿಲ್ಲ" ಎಂದೆ.

ಅವಳು ನನ್ನನ್ನೇ ನೋಡಿದಳು. ನನಗೆ ಧೈರ್ಯ ಇಮ್ಮಡಿಯಾಯಿತು. "ಇನ್ನೊಂದು ಮಾತು. ನಿನ್ನ ಹೋಳಿಗಿ ದಪ್ಪ. ಇಪ್ಪತ್ನಾಲ್ಕು ವರ್ಷ ಆತು, ಯಾರೂ ಹೇಳಿಲ್ಲ, ನಾ ಹೇಳ್ತೀನಿ. ನಿನ್ನ ತಮ್ಮ ಇಲ್ಲಿಗೆ ಬರೋದು ನಮ್ಮ ಮ್ಯಾಲಿನ ಪ್ರೀತಿಗಲ್ಲ, ಉಣ್ಣಾಕ. ಅವನ ಹೊಟ್ಟಿ ನೋಡಿದ್ರ ಗೊತ್ತಾಗತೈತಿ."

ಭೂಮಿ ಬಾಯಿಬಿಡಲಿಲ್ಲ. "ಆತು ಬಿಡ್ರಿ" ಎಂದಷ್ಟೇ ಅಂದು ಅವಳೇ ಚೀಲ ಹಿಡಿದು ಹೋದಳು. ಆಹಾ, ಇದರ ಮಹಿಮೆ ಇಷ್ಟಿದೆಯೇ ಎಂದು ಗಿಡಕ್ಕೆ ಮನಸ್ಸಿನಲ್ಲೇ ದೀರ್ಘದಂಡ ಹಾಕಿದೆ.

ಮುಂದಿನ ಭಾನುವಾರ ನನಗೆ ಹೇಳದೆ ಕೇಳದೆ ಉಮಾಪತಿ ಬಂದ. ಯೂನಿಫಾರ್ಮಿನಲ್ಲೇ ಇದ್ದ, ಸಂಜೆ ಡ್ಯೂಟಿ ಇತ್ತಂತೆ. ಇಬ್ಬರೂ ಊಟಕ್ಕೆ ಕೂತೆವು. ಬಿಸಿ ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಹಸಿರು ಪಲ್ಲೆ, ಮೊಸರು. ಉಮಾಪತಿ ಎರಡನೆಯ ರೊಟ್ಟಿ ಮುಗಿಸಿ, "ಅಕ್ಕ, ಪಲ್ಲೆ ಭಾಳ ಛಲೋ ಆಗೇತಿ, ಇನ್ನಷ್ಟು ಹಾಕು" ಎಂದ. ನಾನು ಆಗಷ್ಟೇ ತುತ್ತು ಮುರಿದಿದ್ದೆ.

"ಹಾಕ್ಕೊ. ನಿಮ್ಮ ಮಾಮಾ ಬೆಳದದ್ದು" ಎಂದಳು ಮಲ್ಲೇಶ್ವರಿ, ಬಡಿಸುತ್ತ. "ಮ್ಯಾಲಿನ ಖೋಲ್ಯಾಗ ಚೀಲದಾಗ ಹಚ್ಚ್ಯಾರ. ನೀ ಬರ್ತೀಯಂತ ಕೊಯ್ಕೊಂಡು ಬಂದೆ."

ನನ್ನ ಕೈಯ ತುತ್ತು ತಟ್ಟೆಗೆ ಬಿತ್ತು. ನಾಲ್ಕೆಲೆ ಸೇದಿದ್ದಕ್ಕೇ ನನಗೆ ಗೋಡೆ ಉಸಿರಾಡಿತ್ತು. ಇವನು ಆರು ಗಿಡದ ಎಲೆಯಲ್ಲಿ ಅರ್ಧ ನುಂಗಿದ್ದಾನೆ. ಸಂಜೆ ಡ್ಯೂಟಿಯಲ್ಲಿ ಯೂನಿಫಾರ್ಮ್ ಹಾಕಿಕೊಂಡು ಬಿದ್ದರೆ? ಪ್ರಾಣಕ್ಕೇ ಬಂದರೆ? ನಾನು ಎಂಥ ಹೇಡಿಯಾದರೂ ಕೊಲೆಗಡುಕನಲ್ಲ. ಅವನು ಬಾಯಿಗೊಯ್ಯುತ್ತಿದ್ದ ಕೈಯನ್ನು ಗಟ್ಟಿಯಾಗಿ ಹಿಡಿದೆ.

"ಉಗುಳಪಾ ಉಮಾಪತಿ. ಅದು ಗಾಂಜಾ. ನಾನಾ ಬೆಳದೀನಿ. ಸಾಣಾಪುರದಾಗ ಬೀಜ ಸಿಕ್ಕಿದ್ವು. ನಿಮ್ಮಕ್ಕಗ ಏನೂ ಗೊತ್ತಿಲ್ಲ, ಕೇಸ್ ಮಾಡೋದಿದ್ರ ನನ್ನ ಮ್ಯಾಲ ಮಾಡು. ಮೊದಲ ದವಾಖಾನಿಗೆ ನಡಿ."

ಉಮಾಪತಿ ನನ್ನ ಮುಖ ನೋಡಿದ, ತಟ್ಟೆ ನೋಡಿದ, ಅಕ್ಕನ ಮುಖ ನೋಡಿದ. ಎಂಜಲು ಕೈಯಲ್ಲೇ ಎದ್ದು ಮೆಟ್ಟಿಲು ಹತ್ತಿದ. ತಲೆಯ ಮೇಲೆ ಅವನ ಬೂಟಿಲ್ಲದ ಕಾಲಿನ ಸಪ್ಪಳ ಅ ಕುಂಡದಿಂದ ಬ ಕುಂಡಕ್ಕೆ, ಬ ಕುಂಡದಿಂದ ಕ ಕುಂಡಕ್ಕೆ ಹೋಯಿತು. ನಾನು ಜೈಲಿನಲ್ಲಿ ಕೈದಿಗಳಿಗೆ ಗಣಿತ ಕಲಿಸುವುದನ್ನು ಕಣ್ಣಾರೆ ಕಂಡೆ. ಐಶ್ವರ್ಯಳ ಮುಖ ನೆನಪಾಯಿತು. ಮಲ್ಲೇಶ್ವರಿ ಮಾತ್ರ ರೊಟ್ಟಿ ಬುಟ್ಟಿ ಮುಚ್ಚಿಟ್ಟು ನೊಣ ಓಡಿಸುತ್ತ ಕೂತಿದ್ದಳು.

ಅವನು ಒಂದು ಟೊಂಗೆ ಹಿಡಿದು ಕೆಳಗೆ ಬಂದ. ಒಂದೆಲೆ ಹರಿದು ಬಾಯಿಗೆ ಹಾಕಿಕೊಂಡು ಜಗಿದು, "ಮಾಮಾ, ಇದು ಪುಂಡಿಪಲ್ಲೆ. ಇದರ ಎಲಿನೂ ಹಂಗ ಬೆರಳು ಬಿಡಸತೈತಿ" ಎಂದ. "ನಾ ಹಲ್ಲು ಬಂದಾಗಿಂದ ತಿನ್ನಾಕ ಹತ್ತೀನಿ. ಪುಂಡಿ ಬೆಳದ್ರ ಹಾಕಾಕ ನಮ್ಮಲ್ಲಿ ಸೆಕ್ಷನ್ ಇಲ್ಲ."

"ಪುಂಡಿ?" ಎಂದೆ.

"ಪುಂಡಿನ ಮತ್ತ" ಎಂದಳು ಮಲ್ಲೇಶ್ವರಿ. "ಹುಲಿಗವ್ವ ಗೊಬ್ಬರ ತಂದಾಕಿ ಮರುದಿನ ಹಾಲಿಗೆ ಬಂದಾಗ, ಸರು ಏನು ಬೆಳೀತಾರ್ರಿ ಅಂತ ನನ್ನ ಕೇಳಿದ್ಲು. ನೀವು ಸಾಲಿಗೆ ಹೋದ ಮ್ಯಾಲೆ ನನ್ನ ಕೀಲಿಲೆ ಬಾಗಲಾ ತಗದು ನೋಡಿದೆ. ಪಾಕೀಟಿನ ಮ್ಯಾಲಿನ ಎಲಿ ಉಮಾಪತಿ ಫೋಟೋದಾಗಿನ ಗಾಂಜಾದ್ದ ಇತ್ತು. ಚಮಚಾಲೆ ಮಣ್ಣು ಕೆದರಿ ಆರೂ ಬೀಜ ಎಣಿಸಿ ತಗದು ನೀರೊಲಿಗೆ ಹಾಕಿ, ಇಂಗಿನ ಡಬ್ಬಿಯಾಗಿನ ಪುಂಡಿ ಬೀಜ ಆರು ಹಾಕಿದೆ."

"ಹಂಗಾರ ನನಗೊಂದು ಮಾತು ಹೇಳಬಾರದಾಗಿತ್ತೇನ?"

"ಹೇಳಿದ್ರ ಬ್ಯಾರೆ ಏನರ ಹಚ್ಚತಿದ್ರಿ. ಪುಂಡಿಗೆ ನೀರು ಹಾಕ್ಕೋತ ನೀವೂ ಸುಮ್ಮ ಇದ್ರಿ, ಮನಿನೂ ಸುಮ್ಮ ಇತ್ತು."

ಉಮಾಪತಿ ಗೋಡೆಗೆ ಆತುಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದ. ಜೈಲು ತಪ್ಪಿತೆಂದು ನನಗೆ ಸಮಾಧಾನವಾಗಬೇಕಿತ್ತು. ಬದಲು ಹೊಟ್ಟೆ ಉರಿಯಿತು. ಎಂಬತ್ತು ದಿನ ಪುಂಡಿಗೆ ಲೋಬಾನ ಹಾಕಿದ್ದೇನೆ, ಫ್ಯಾನು ಬೀಸಿದ್ದೇನೆ. ಆ ಉರಿಯಲ್ಲೇ ಬಾಯಿ ತಪ್ಪಿ ಆಡಿದೆ, "ಮತ್ತ ಮೊನ್ನೆ ನಾ ಸೇದಿದ್ದು?"

"ಪುಂಡಿ ಸೇದ್ಯಾರಂತ ಅಕ್ಕಾ" ಎಂದು ಉಮಾಪತಿ ಕಣ್ಣೊರೆಸಿಕೊಂಡ.

ಮಲ್ಲೇಶ್ವರಿ ನಗಲಿಲ್ಲ. "ಉಮಾಪತಿ, ನಿನಗ ಈ ವಿಷಯ ಗೊತ್ತಿರತೈತಿ. ಪುಂಡಿ ಸೇದಿದ್ರ ನಿಶಾ ಏರತೈತೇನೋ?"

"ಕೆಮ್ಮು ಬರತೈತಿ. ನಿಶಾ ಎಲ್ಲೀದು."

"ಹಂಗಾರ ಅವತ್ತ ನನ್ನ ಹೋಳಿಗಿ ದಪ್ಪ ಅಂದದ್ದು, ಮಾರ್ಕೆಟ್‌ಗೆ ಹೋಗಂಗಿಲ್ಲ ಅಂದದ್ದು, ನೀ ಬರೋದು ಉಣ್ಣಾಕ, ನಿನ್ನ ಹೊಟ್ಟಿ ನೋಡಿದ್ರ ಗೊತ್ತಾಗತೈತಿ ಅಂದದ್ದು, ಎಲ್ಲಾ ಎಚ್ಚರ ಇದ್ದ ಅಂದದ್ದಾತು."

ಉಮಾಪತಿಯ ನಗು ನಿಂತಿತು. ಅಷ್ಟು ಹೊತ್ತು ನನ್ನನ್ನು ಮಾಮಾ ಎಂದು ನೋಡುತ್ತಿದ್ದವನು ಮೊದಲ ಸಲ ಮುಖ್ಯಪೇದೆಯಾಗಿ ನೋಡಿದ. ಈ ಅಪರಾಧಕ್ಕೆ ಸೆಕ್ಷನ್ ಇದ್ದಂತೆ ಕಂಡಿತು.

ಆಮೇಲಿನ ಶಿಕ್ಷೆಯನ್ನು ಸವಿಸ್ತಾರವಾಗಿ ಹೇಳಲು ನನಗೆ ಮನಸ್ಸಿಲ್ಲ. ಭಾನುವಾರದ ಜೊತೆಗೆ ಬುಧವಾರವೂ ಮಾರ್ಕೆಟ್ಟು ನನ್ನ ಪಾಲಿಗೆ ಬಂತು. ಹೋಳಿಗೆ ಲಟ್ಟಿಸುವುದನ್ನು ಕಲಿತೆ. (ನನ್ನವು ಇನ್ನೂ ದಪ್ಪ.) ಫ್ಯಾನು ಕೆಳಗಿಳಿದು ತನ್ನ ಹಳೆಯ ದಿಕ್ಕಿಗೆ ತಿರುಗಿತು. ನೇರಳೆ ದೀಪ ದೇವರ ಜಗಲಿಯ ಬಸವಣ್ಣನ ಫೋಟೋದ ಹಿಂದೆ ಸೇರಿತು, ಬಂದವರೆಲ್ಲ ಛಲೋ ಐತಿ ಅನ್ನುತ್ತಾರೆ. ಕುಂಡಗಳನ್ನು ಮಾತ್ರ ಮಲ್ಲೇಶ್ವರಿ ಮಾಳಿಗೆಯ ಬಿಸಿಲಿಗೆ ಇಡಿಸಿದಳು. ನೀರು ಹಾಕುವುದು ನಾನೇ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಚೊಂಬು ಹಿಡಿದು ಮೇಲೆ ಹೋದರೆ ಬ ಕುಂಡದಲ್ಲಿ ಹೂ ಬಿಟ್ಟಿತ್ತು. ತಿಳಿ ಹಳದಿ ದಳ, ನಡುವೆ ಗಾಢ ಕೆಂಪು. ನಾನು ಚೊಂಬು ಕೆಳಗಿಟ್ಟು ನೋಡುತ್ತ ನಿಂತೆ. ಎಲ್ಲ ಹೋದರೂ ಇದೊಂದು ಉಳಿಯಿತಲ್ಲ ಎನಿಸಿತು. ನನಗೆ ಮಾತು ಕೊಟ್ಟಿದ್ದ ಗಿಡವೇ ಅಲ್ಲ ಇದು, ಆದರೂ ಮಾತು ಉಳಿಸಿಕೊಂಡಿತ್ತು. ಹಿಂದೆ ಬಟ್ಟೆ ಒಣಹಾಕುತ್ತಿದ್ದ ಮಲ್ಲೇಶ್ವರಿಯನ್ನು ಕರೆದು ತೋರಿಸಿದೆ.

"ನೋಡು. ಯಾರೂ ಹೇಳಿಲ್ಲ, ಕೇಳಿಲ್ಲ. ತನ್ನಷ್ಟಕ್ಕ ತಾನ ಬಿಟ್ಟೈತಿ."

ಅವಳು ಒದ್ದೆ ಟವೆಲ್ ಝಾಡಿಸಿ ಹಗ್ಗಕ್ಕೆ ಹಾಕಿದಳು.

"ಖೋಲ್ಯಾಗ ಎಲ್ಲಿ ಬಿಟ್ಟಿತ್ತು? ಬಿಸಲಿಗೆ ಇಡ್ರಿ ಅಂತ ನಾ ಹೇಳಿದ ಮ್ಯಾಲ ಬಿಟ್ಟೈತಿ. ಆ ಕುಂಡ ಅಲ್ಲಲ್ಲ, ಇಲ್ಲಿ ಸರಸ್ರಿ."

ನಾನು ಸರಿಸಿದೆ.