ಸಮುದ್ರಮಟ್ಟದಿಂದ ಸಾವಿರದ ಒಂಬೈನೂರು ಅಡಿ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ನಡುವೆ ವಿಮಾನ ಸಂಚಾರ ನಡೆಸುವ ಎರಡು ಸಂಸ್ಥೆಗಳು ಒಂದೇ ಸೋಮವಾರ ಪೈಲಟ್ ಹುದ್ದೆಗೆ ಅರ್ಜಿ ಕರೆದವು. ಎರಡೂ ತಾಲ್ಲೂಕುಗಳಲ್ಲಿ ಪೈಲಟ್ ಲೈಸೆನ್ಸ್ ಇದ್ದವಳು ದಿವ್ಯಾ ಒಬ್ಬಳೇ ಆದ್ದರಿಂದ, ಸ್ಪರ್ಧೆ ತೀವ್ರವಾಗಿರುತ್ತದೆ ಎಂದು ಪ್ರಕಟಣೆಯಲ್ಲಿ ಎಚ್ಚರಿಸಲಾಗಿತ್ತು.

ದಿವ್ಯಾ ನಾಯಕನಹಟ್ಟಿ ಕಡೆಯವಳು. ತಾಯಿ ಕೆಂಚಕ್ಕ ಶೇಂಗಾ ಕೀಳುವ ಕೂಲಿಗೆ ಹೋಗಿ ಮಗಳನ್ನು ಓದಿಸಿದ್ದಳು. ವಿದ್ಯಾರ್ಥಿವೇತನದಲ್ಲಿ ಹಾರುವುದನ್ನು ಕಲಿತು ಬಂದ ಹುಡುಗಿ ಒಂದೂವರೆ ವರ್ಷದಿಂದ ನೆಲದ ಮೇಲೇ ಇದ್ದಳು. ಕ್ಯಾಪ್ಟನ್ ಆಗಬೇಕು, ಭುಜದ ಮೇಲೆ ನಾಲ್ಕು ಪಟ್ಟಿ ಬರಬೇಕು, ಇದೊಂದೇ ಅವಳ ಆಸೆ.

ಮೊದಲ ಸಂದರ್ಶನ ಮೊಳಕಾಲ್ಮೂರಿನ ಗಗನರೇಖಾ ಏರ್‌ವೇಸ್‌ನಲ್ಲಿ. ಮಾಲೀಕರು ರೇಷ್ಮೆ ಸೀರೆ ವ್ಯಾಪಾರಿ ಚಿಕ್ಕಬಸಪ್ಪ. ಅವರ ಹಿತ್ತಲಲ್ಲಿ ನಿಜವಾದ ವಿಮಾನವೇ ನಿಂತಿತ್ತು. ದಿವ್ಯಾಳ ಕಣ್ಣು ತುಂಬಿ ಬಂತು.

"ಹಾರಿಸೋದು ಯಾವಾಗ ಸಾರ್?"

"ಹಾರಿಸಿದ್ರೆ ಸವೀತೈತಲ್ಲಮ್ಮ! ಸೀಟಿನ ಪ್ಲಾಸ್ಟಿಕ್ಕೇ ಇನ್ನೂ ಬಿಚ್ಚಿಲ್ಲ ನಾವು. ನೀನು ದಿನಾ ಬಂದು ಒಳಗೆ ಕುಂತು ಧೂಳು ಒರಸ್ಕಂಡು ಹೋಗು, ಸಾಕು."

ಎರಡನೆಯದು ಚಳ್ಳಕೆರೆಯ ಬಯಲುಸೀಮೆ ಏರ್‌ಲೈನ್ಸ್. ಅದರ ಅಧ್ಯಕ್ಷರು ಮಾಜಿ ಬಸ್ ಮಾಲೀಕ ಬೊಮ್ಮಲಿಂಗಪ್ಪ. ಅವರು ತಾಂತ್ರಿಕ ಪ್ರಶ್ನೆಯನ್ನೇ ಕೇಳಿದರು.

"ಒಬ್ಬ ಕಿಟಕಿಯಿಂದ ಸೀಟಿಗೆ ಟವಲ್ ಹಾಕ್ಯಾನೆ. ಇನ್ನೊಬ್ಬ ಬಾಗಿಲಿಂದ ಬಂದು ಅದರ ಮ್ಯಾಲೇ ಕುಂತಾನೆ. ಸೀಟು ಯಾರ್ದು?"

"ಟವಲ್ ಹಾಕಿದೋರ್ದು ಸಾರ್. ಆದ್ರೆ ವಿಮಾನದ ಕಿಟಕಿ ತೆಗಿಯಾಕೆ ಬರಲ್ಲ."

"ಗೊತ್ತೈತಮ್ಮ. ಅದಕ್ಕೇ ನಾವು ವಿಮಾನ ತಗಳ್ಲಿಲ್ಲ."

ಸಂಸ್ಥೆಯ ಸಮಿತಿ ಮೂರು ವಿಮಾನಗಳನ್ನು ಪರೀಕ್ಷಿಸಿತ್ತು. ಮೂರರಲ್ಲೂ ಕಿಟಕಿ ತೆರೆಯದೆ, ಪ್ರಯಾಣಿಕರ ಟವಲ್ ಹಾಕುವ ಹಕ್ಕಿಗೆ ಚ್ಯುತಿ ಬರುವುದರಿಂದ, ಅವು ಸಾರ್ವಜನಿಕ ಸಾರಿಗೆಗೆ ಅನರ್ಹವೆಂದು ವರದಿ ಕೊಟ್ಟಿತ್ತು. ಆದಕಾರಣ ಅಧ್ಯಕ್ಷರ ಹಳೆಯ ಬಸ್ಸಿಗೇ ವಿಮಾನದ ದರ್ಜೆ ನೀಡಿ ನಿರ್ಣಯ ಅಂಗೀಕರಿಸಲಾಗಿತ್ತು.

"ಬಸ್ಸು ಹಾರಲ್ಲ ಸಾರ್," ಎಂದಳು ದಿವ್ಯಾ.

"ಎತ್ತರ ಎಲ್ಲಿಂದ ಅಳಿತಾರೆ? ನೀನು ಓದಿರೋಳು, ನೀನೇ ಹೇಳು."

"ಸಮುದ್ರಮಟ್ಟದಿಂದ."

"ನಮ್ಮ ಬಸ್ ಸ್ಟ್ಯಾಂಡು ಸಮುದ್ರದಿಂದ ಸಾವಿರದ ಒಂಬೈನೂರು ಅಡಿ ಮ್ಯಾಲೈತೆ. ಇನ್ನೂ ಎಷ್ಟು ಹಾರ್ಬೇಕು?"

ಪಾಠದಲ್ಲಿ ದಿವ್ಯಾ ಓದಿದ್ದೂ ಹೀಗೇ.

ಒಂದು ಕಡೆ ವಿಮಾನವಿತ್ತು, ಹಾರಾಟವಿರಲಿಲ್ಲ. ಇನ್ನೊಂದು ಕಡೆ ದಿನಕ್ಕೆರಡು ಹಾರಾಟವಿತ್ತು, ವಿಮಾನವಿರಲಿಲ್ಲ. ಮೂರು ದಿನ ಅನ್ನ ಸೇರದೆ ಕೂತ ಮಗಳಿಗೆ ಕೆಂಚಕ್ಕನೇ ಬುದ್ಧಿ ಹೇಳಿದಳು. "ನಿಂತಿರೋದ್ರಾಗೆ ಕುಂತು ಏನ್ ಮಾಡ್ತೀಯೇ? ಓಡೋದ್ನ ಹತ್ತು."

ಐನೂರು ಗಂಟೆ ಹಾರಿದವರಿಗೆ ಕ್ಯಾಪ್ಟನ್ ಹುದ್ದೆ ಎಂಬುದು ಬಯಲುಸೀಮೆಯ ನಿಯಮ. ದಿವ್ಯಾ ಸಹಪೈಲಟ್ ಆಗಿ ಸೇರಿದಳು. ಸ್ಟೇರಿಂಗ್ ಹಿಡಿಯುವವನು ಡ್ರೈವರ್ ಮಾರಣ್ಣ. ಟೋಪಿ ಹಾಕಿಕೊಂಡು ಪಕ್ಕದಲ್ಲಿ ಕೂತು ಗಂಟೆ ಬರೆದುಕೊಳ್ಳುವವಳು ಇವಳು. ದಾರಿಯಲ್ಲಿ ತಳಕು ಊರಿನ ಹಂಪ್ ಬಂದಾಗ, "ವಾತಾವರಣದಲ್ಲಿ ಏರುಪೇರಿದೆ, ಮುಂದಿನ ಸೀಟು ಹಿಡಿದುಕೊಳ್ಳಿ" ಎಂದು ಪ್ರಕಟಿಸುತ್ತಿದ್ದಳು. ಜನ ಹಿಡಿದುಕೊಳ್ಳುತ್ತಿದ್ದರು. ಮೊದಮೊದಲು ಅವಳಿಗೆ ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಐದನೇ ತಿಂಗಳಿಗೆ ನಾನೂರ ತೊಂಬತ್ತಾರು ಗಂಟೆ ಮುಗಿದವು. ಆ ದಿನ ಮಗಳ ಹಾರಾಟ ನೋಡಲು ಕೆಂಚಕ್ಕನೂ ಹತ್ತಿದಳು.

"ಈಗ ಎಷ್ಟು ಮ್ಯಾಲಿದೀವೇ?"

"ಸಾವಿರದ ಒಂಬೈನೂರಡಿ ಅವ್ವ."

"ನಾನು ಶೇಂಗಾ ಕೀಳೋ ಹೊಲ?"

"ಹೆಚ್ಚುಕಮ್ಮಿ ಅಷ್ಟೇ."

"ಹಂಗಾದ್ರೆ ನಾನು ಹುಟ್ಟಿದಾಗಿಂದ ಹಾರ್ತಾನೇ ಇದೀನಿ ಅನ್ನು!"

ವಿಮಾನವೆಲ್ಲ ನಕ್ಕಿತು. ಮುಂದಿನ ಸೀಟಿನಲ್ಲಿದ್ದ ಬೊಮ್ಮಲಿಂಗಪ್ಪ ಮಾತ್ರ ನಗದೆ ಡೈರಿ ತೆಗೆದರು.

ಮರುದಿನ ಸುತ್ತೋಲೆ ಬಂತು: "ಶ್ರೀಮತಿ ಕೆಂಚಕ್ಕ ಇವರು ಐವತ್ತಾರು ವರ್ಷಗಳ ಕಾಲ ಸದರಿ ಎತ್ತರದಲ್ಲಿ ನಿರಂತರವಾಗಿ, ಅಪಘಾತವಿಲ್ಲದೆ ಸಂಚರಿಸಿರುವುದು ಗಮನಕ್ಕೆ ಬಂದಿರುತ್ತದೆ. ಸದರಿಯವರನ್ನು ಕ್ಯಾಪ್ಟನ್ ಹುದ್ದೆಗೆ ನೇಮಿಸಲಾಗಿದೆ. ಕುಮಾರಿ ದಿವ್ಯಾ ಸಹಪೈಲಟ್ ಆಗಿಯೇ ಮುಂದುವರಿಯತಕ್ಕದ್ದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಿವ್ಯಾ ಕಚೇರಿಗೆ ಓಡಿದಳು.

"ಸಾರ್, ಅದು ನನ್ನ ಹುದ್ದೆ!"

"ನಿಂದು ಐನೂರು ಗಂಟೆ. ನಿಮ್ಮವ್ವಂದು ನಾಕು ಲಕ್ಷದ ತೊಂಬತ್ತು ಸಾವಿರ. ನ್ಯಾಯ ನೀನೇ ಹೇಳಮ್ಮ."

ದಿವ್ಯಾ ಮೊಬೈಲಿನಲ್ಲಿ ಎರಡು ಸಲ ಗುಣಿಸಿ ನೋಡಿದಳು. ಲೆಕ್ಕ ಸರಿಯಾಗಿತ್ತು. ಹೊರಗೆ ಬಂದರೆ, ಎಂಬತ್ತೆರಡು ವರ್ಷದ ಸೂರಮ್ಮ ಎಂಬ ಅಜ್ಜಿ ಆಧಾರ್ ಜೆರಾಕ್ಸ್ ಹಿಡಿದು, ಹಿರಿತನದಲ್ಲಿ ತನಗೆ ಅನ್ಯಾಯವಾಗಿದೆಯೆಂದು ತಕರಾರು ಕೊಡಲು ಸಾಲಿನಲ್ಲಿ ನಿಂತಿದ್ದಳು. ಅವಳ ಹಿಂದೆ ಇನ್ನೂ ನಲವತ್ತು ಜನರಿದ್ದರು.

ಬೆಳಗಿನ ಹಾರಾಟಕ್ಕೆ ಕೆಂಚಕ್ಕ ಸೀರೆಯ ಮೇಲೆ ನಾಲ್ಕು ಪಟ್ಟಿಯ ಕೋಟು ತೊಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತಳು. ಮಗಳ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಸಿಟ್ಟಾ ಮಗಾ?"

"ಇಲ್ಲ ಕ್ಯಾಪ್ಟನ್," ಎಂದಳು ದಿವ್ಯಾ.