ಕಚ್ಚಾ ತೈಲ ಇಳಿದರೆ ನನಗೇನು ಕಷ್ಟ

ಪೆಟ್ರೋಲ್ ರೇಟು ಏರಲಪ್ಪಾ ಎಂದು ದೇವರಿಗೆ ಕೈ ಮುಗಿಯುವ ಹೆಂಗಸು ಇಡೀ ಚಳ್ಳಕೆರೆ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಹಾಗಂತ ನನಗೇನೂ ಜನರ ಮೇಲೆ ಹಗೆಯಿಲ್ಲ. ನಾನೂ ಶಾಲೆಗೆ ಸ್ಕೂಟಿಯಲ್ಲೇ ಹೋಗುವವಳು. ಅದೂ ಪೆಟ್ರೋಲನ್ನೇ ಕುಡಿಯುತ್ತದೆ, ನೀರನ್ನಲ್ಲ. ಆದರೆ ಸ್ಟಾಫ್ ರೂಮಿನಲ್ಲಿ ಮೇಷ್ಟರುಗಳೆಲ್ಲ ಪೇಪರ್ ಹರಡಿಕೊಂಡು, "ಕಚ್ಚಾ ತೈಲ ಬಿದ್ದೋಯ್ತಂತೆ ಕಣ್ರೀ, ಇನ್ನಾದರೂ ಪೆಟ್ರೋಲ್ ಇಳೀಬಹುದು" ಎಂದು ಹಿಗ್ಗುವಾಗ ನನಗೆ ಬಾಯಲ್ಲಿಟ್ಟ ಚಿತ್ರಾನ್ನ ಇಳಿಯುವುದಿಲ್ಲ. ಅವರಿಗೆ ಅದು ಬರೀ ಸುದ್ದಿ. ಸಂಜೆ ಮನೆಗೆ ಹೋಗಿ ಅದನ್ನು ಅನುಭವಿಸಬೇಕಾದವಳು ನಾನು.

ಕಾರಣ ಹೇಳಿಬಿಡುತ್ತೇನೆ. ನಮ್ಮ ಯಜಮಾನರಿಗೆ ಊರ ಹೊರಗೆ ಒಂದು ಶೆಡ್ ಇದೆ. ಗ್ಯಾರೇಜುಗಳಲ್ಲಿ ಲಾರಿ, ಟ್ರ್ಯಾಕ್ಟರುಗಳಿಂದ ಇಳಿಸಿದ ಕಪ್ಪು ವೇಸ್ಟ್ ಆಯಿಲನ್ನು ಕೊಂಡು ತಂದು, ಕಾಯಿಸಿ, ನೀರು ಮಡ್ಡಿ ಎಲ್ಲ ತೆಗೆದು, ಸೋಸಿ, ಮತ್ತೆ ಎಣ್ಣೆ ಮಾಡಿ ಗ್ರೀಸ್ ತಯಾರಿಸುವವರಿಗೆ ಮಾರುವುದು ಅವರ ಕಸುಬು. ಪರವಾನಗಿ ಎಲ್ಲ ಇದೆ, ಫ್ರೇಮ್ ಹಾಕಿಸಿ ದೇವರ ಫೋಟೋ ಪಕ್ಕದಲ್ಲೇ ನೇತುಹಾಕಿದ್ದಾರೆ. ಅದಕ್ಕೂ ಮುಂಚೆ ಮಾವನ ಕಾಲದಿಂದ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ನಮ್ಮೂರಿನಲ್ಲಿ ಎಣ್ಣೆ ಮಿಲ್ಲುಗಳ ವೈಭವ ಏನಿತ್ತು ಎಂಬುದನ್ನು ಮಾವನ ಬಾಯಲ್ಲೇ ಕೇಳಬೇಕು. ಒಮ್ಮೆ ಶುರುಮಾಡಿದರೆ ಊಟ ಆರಿಹೋಗುತ್ತದೆ. ಮಿಲ್ಲು ನಿಂತ ಮೇಲೂ ಈ ಮನೆಯ ಗಂಡಸರಿಗೆ ಎಣ್ಣೆ ಬಿಟ್ಟು ಬೇರೆ ಏನೂ ತೋಚಲಿಲ್ಲ. ಒಂದು ಎಣ್ಣೆ ಹೋಯಿತು, ಇನ್ನೊಂದು ಎಣ್ಣೆ ಹಿಡಿದರು.

ಆದರೆ ಮಿಲ್ಲು ನಿಂತು ಶೆಡ್ಡು ಶುರುವಾಗುವ ನಡುವೆ ನಮ್ಮವರು ಸ್ವಲ್ಪ ಕಾಲ ಮನೆಯಲ್ಲಿ ಕೂತಿದ್ದರು. ಅಬ್ಬಬ್ಬಾ, ಆ ಕಾಲ ನನ್ನ ಹಗೆಯವರಿಗೂ ಬೇಡ! ಮೊದಲು ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಸಾಸಿವೆ ಡಬ್ಬಿಯ ಮೇಲೆ ಸಾಸಿವೆ ಎಂದು ಬರೆಯದಿದ್ದರೆ ನನಗೆ ತಿಳಿಯುತ್ತಿರಲಿಲ್ಲ ನೋಡಿ. ಆಮೇಲೆ ನಾನು ಒಗ್ಗರಣೆಗೆ ನಿಂತರೆ ಪಕ್ಕಕ್ಕೆ ಬಂದು ನಿಂತು, "ಅಷ್ಟ್ಯಾಕೆ ಹುಯ್ತೀಯಾ? ಮೊದಲು ಕಾಯ್ಲಿ, ಹೊಗೆ ನೋಡು" ಎಂದು ಮಿಲ್ಲಿನ ಮೇಸ್ತ್ರಿಗೆ ಹೇಳಿದಂತೆ ಹೇಳುವರು. ಗಂಡ ಒಳ್ಳೆಯವರೇ. ಬೆಳಿಗ್ಗೆ ಹೋಗಿ ಸಂಜೆ ಬರುವ ಗಂಡ ಇನ್ನೂ ಒಳ್ಳೆಯವರು. ಆದ್ದರಿಂದ ಶೆಡ್ಡಿನ ಒಲೆ ಆರಬಾರದು ಎಂಬುದು ಅವರಿಗಿಂತ ನನಗೇ ಹೆಚ್ಚು ಮುಖ್ಯವಾಗಿತ್ತು.

ಈ ಸಲ ಕಚ್ಚಾ ತೈಲ ಇಳಿಯುತ್ತಲೇ ಹೋಯಿತು. ಹೊಸ ಎಣ್ಣೆಯೇ ಅಗ್ಗಕ್ಕೆ ಸಿಗುವಾಗ ಸೋಸಿದ ಹಳೆ ಎಣ್ಣೆಗೆ ಯಾರು ಹೆಚ್ಚು ಕೊಡುತ್ತಾರೆ? ಗ್ರೀಸಿನವರು ರೇಟು ಇಳಿಸಿದರು. ಆಗ ಮಾವ ಶಲ್ಯ ಕೊಡವಿ ಎದ್ದರು. ಅವರಿಗೆ ಯಾವ ಎಣ್ಣೆಯಾದರೂ ಎಣ್ಣೆಯೇ. ಶೆಡ್ಡಿಗೆ ಬಂದರೆ ಸೋಸಿದ ಆಯಿಲನ್ನು ಅಂಗೈಗೆ ಹಾಕಿ ತಿಕ್ಕುತ್ತಾರೆ, ಮೂಸುತ್ತಾರೆ. ಒಮ್ಮೆ ಹಳೆ ಅಭ್ಯಾಸದಲ್ಲಿ ನಾಲಿಗೆಗೂ ತಾಗಿಸಿಕೊಂಡು, ಸಂಜೆಯವರೆಗೆ ಬಾಯಿ ಮುಕ್ಕಳಿಸಿದ್ದುಂಟು. ಅಂಥವರು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದು ಮಗನಿಗೆ ಅಪ್ಪಣೆ ಕೊಡಿಸಿದರು: "ಲೇ, ಮಾರಬ್ಯಾಡ, ಇಟ್ಕೊ. ಮಳೆ ಕೈ ಕೊಟ್ಟೈತೆ. ಎಣ್ಣೆ ಏರದೇ ಎಲ್ಲಿಗೆ ಹೋಗ್ತೈತೆ?"

"ಮಾವ, ಅದು ಶೇಂಗಾ ಎಣ್ಣೆಗೆ ಸರಿ. ಇದು ನೆಲದಡಿಯಿಂದ ತೆಗೆಯೋ ಎಣ್ಣೆ" ಎಂದೆ.

"ಶೇಂಗಾ ಏನು ಮರದ ಮೇಲೆ ಬಿಡ್ತೈತೇನಮ್ಮಾ?" ಎಂದರು ಮಾವ.

ನಾನು ಮಕ್ಕಳ ಕಾಪಿ ತಿದ್ದಲು ಕೂತೆ. ಮಗನಂತೂ ಅಪ್ಪನ ಮಾತು ಮೀರಿದವರಲ್ಲ. ಡ್ರಮ್ಮುಗಳು ಶೆಡ್ಡು ತುಂಬಿ ಹೊರಗೆ ಬೇವಿನ ಮರದ ಕೆಳಗೂ ನಿಂತವು. ಅರಬರ ದೇಶದಲ್ಲಿ ಕೂತು ಎಣ್ಣೆ ರೇಟು ಕಟ್ಟುವವರಿಗೆ ಚಳ್ಳಕೆರೆಯಲ್ಲಿ ಮಳೆ ಹೋದ ವಿಷಯ ಯಾರೂ ತಿಳಿಸಲಿಲ್ಲವೋ ಏನೋ, ರೇಟು ಇನ್ನಷ್ಟು ಇಳಿಯಿತು. ಕೊನೆಗೆ ನಮ್ಮವರು ಜೋಲು ಮುಖ ಹಾಕಿಕೊಂಡು, "ಈ ಡ್ರಮ್ಮುಗಳೆಲ್ಲ ಖಾಲಿಯಾದ ಮೇಲೆ ಒಲೆ ಆರಿಸಿಬಿಡ್ತೀನಿ ಕಣೇ. ಶೆಡ್ಡನ್ನ ಶಾಮಿಯಾನದವರು ಬಾಡಿಗೆಗೆ ಕೇಳ್ತಿದಾರೆ" ಎಂದರು. ಪಾಪ ಅನಿಸಿತು. ಏನಾದರೂ ಸಮಾಧಾನ ಹೇಳಬೇಕು ಎನ್ನುವಷ್ಟರಲ್ಲಿ ಅವರು ನೀರು ಕುಡಿಯಲು ಅಡುಗೆಮನೆಗೆ ಹೋದವರು ಸುತ್ತಲೂ ಒಮ್ಮೆ ನೋಡಿ, "ಈ ಸ್ಟೌವು ಕಿಟಕಿ ಪಕ್ಕ ಇರಬೇಕಿತ್ತು" ಎಂದರು. ನನಗೆ ಸಾಸಿವೆ ಡಬ್ಬಿಯ ಚೀಟಿ ನೆನಪಾಯಿತು.

"ನಿಲ್ಲಿಸೋದೇನೂ ಬೇಡ. ಲಾಸು ಎಲ್ಲಿ ಆಗ್ತಿದೆ, ಹೇಳ್ರೀ ಮೊದಲು" ಎಂದು ಕೂರಿಸಿದೆ. ಹೇಳಿದರು. ಮಾರುವ ರೇಟು ಇಳಿದಿದೆ, ಗ್ಯಾರೇಜಿನವರಿಗೆ ನಾವು ಕೊಡುವ ರೇಟು ಮಾತ್ರ ಇಳಿದಿಲ್ಲ. ಹೆಚ್ಚು ಆಯಿಲ್ ಬರುವುದು ಮೊಳಕಾಲ್ಮೂರಿನ ಓಬಳೇಶನ ಗ್ಯಾರೇಜಿನಿಂದ. ಇಳಿಸು ಎಂದು ಕೇಳಿದ್ದಕ್ಕೆ ಅವನು ಫೋನು ಎತ್ತುವುದನ್ನೇ ಬಿಟ್ಟಿದ್ದಾನೆ. ಓಬಳೇಶ ಎಂದರೆ ನನ್ನ ಕೈಯಲ್ಲಿ ಮಗ್ಗಿ ಕಲಿತವನು. "ನಡೀರಿ, ನಾನು ಬರ್ತೀನಿ" ಎಂದೆ.

ಭಾನುವಾರ ಗಾಡಿಯಲ್ಲಿ ಹೋಗಿ ಇಳಿದೆವು. "ರಾಂಡಿ ಮೇಡಂ, ರಾಂಡಿ!" ಎಂದು ತೆಲುಗಿನಲ್ಲಿ ಬನ್ನಿ ಬನ್ನಿ ಎನ್ನುತ್ತಾ ಓಬಳೇಶ ಕೈ ಒರೆಸಿಕೊಂಡು ಓಡಿ ಬಂದು ಕುರ್ಚಿ ಹಾಕಿದ. ಟೀ ತರಿಸಿದ. ಯಜಮಾನರು ರೇಟಿನ ಮಾತೆತ್ತಿದ್ದೇ ತಡ ಅವನ ಮುಖ ಬೇರೆಯಾಯಿತು.

"ಸಾರ್, ಕಚ್ಚಾ ತೈಲ ಬಿದ್ದೈತೆ ಅಂತ ಓಡಿ ಬಂದ್ರಲ್ಲ, ಅದು ಏರಿದಾಗ ಎಲ್ಲಿದ್ರಿ? ಆವಾಗ ಒಂದು ಮಾತಾದ್ರೂ ಹೇಳಿದ್ರಾ ನನಗೆ?"

ಯಜಮಾನರು ಪಕ್ಕದಲ್ಲಿದ್ದ ಟೈರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾನೂ ಟೀ ಲೋಟಕ್ಕೆ ಮುಖ ಹಾಕಿದೆ. ಏರಲಿ ಏರಲಿ ಎಂದು ಬೇಡಿಕೊಂಡವಳು, ಏರಿದಾಗ ಇವನಿಗೂ ಒಂದಿಷ್ಟು ಸಿಗಲಿ ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಬಿಸಿಲು ಬೇರೆ ನೆತ್ತಿ ಸುಡುತ್ತಿತ್ತು. ಇಬ್ಬರದೂ ನೀನಾ ನಾನಾ ಎಂದು ಜೋರಾಯಿತು. ನನಗೆ ರೇಗಿಹೋಯಿತು.

"ಸಾಕು ನಿಲ್ಲಿಸ್ರೋ! ನಿಮ್ಮ ಹೊಲ ಕೋರಿಗೆ ಕೊಟ್ಟಿಲ್ವೇನೋ ಓಬಳೇಶ? ಹೊಲ ನಿಂದು, ದುಡಿಮೆ ಅವರದು, ಬೆಳೆದದ್ದರಲ್ಲಿ ಇಬ್ಬರಿಗೂ ಪಾಲು. ಬೆಳೀಲಿಲ್ಲ ಅಂದ್ರೆ ಇಬ್ಬರಿಗೂ ಇಲ್ಲ. ಈ ಆಯಿಲನ್ನೂ ಕೋರಿಗೆ ಕೊಟ್ಟುಬಿಡು, ಅತ್ಲಾಗೆ! ಸೋಸಿ ಮಾರಿದ ಮೇಲೆ ಒಲೆ ಖರ್ಚು ತೆಗೆದು ಉಳಿದದ್ದನ್ನ ಹಂಚಿಕೊಳ್ಳಿ. ಏರಿದರೂ ಇಬ್ಬರಿಗೂ, ಇಳಿದರೂ ಇಬ್ಬರಿಗೂ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಜಗಳ ಅಲ್ಲಿಗೇ ನಿಂತಿತು. ಓಬಳೇಶ ತಲೆ ಕೆರೆದುಕೊಂಡು, "ಸರೇ ಮೇಡಂ, ಇದು ನ್ಯಾಯ. ಆದ್ರೆ ಪಾಲು ಮಾಡೋರು ಯಾರು?" ಎಂದ.

"ನಾನೇ ಮಾಡ್ತೀನಿ" ಎಂದರು ಯಜಮಾನರು.

"ಸಾರ್ ಮಾಡೋದು ಬ್ಯಾಡ" ಎಂದು ಓಬಳೇಶ ಮರ್ಯಾದೆಯಿಂದಲೇ ಹೇಳಿದ. "ಮೇಡಂ ಕೂತು ಮಾಡಲಿ. ಬಿಸಿಯೂಟದಾಗೆ ಎಷ್ಟು ಗೋಗರೆದ್ರೂ ನನಗೊಂದು ಸೌಟು ಹೆಚ್ಚು ಹಾಕಿಸಲಿಲ್ಲ ಇವರು. ಇವರಾದ್ರೆ ನಂಬ್ತೀನಿ."

ಉತ್ತಮ ಶಿಕ್ಷಕಿ ಪ್ರಶಸ್ತಿಯೇ ಬಂದಷ್ಟು ಖುಷಿಯಾಯಿತು ನನಗೆ. ಉಬ್ಬಿಹೋಗಿ ಆಯ್ತು ಎಂದುಬಿಟ್ಟೆ.

ಕಚ್ಚಾ ತೈಲ ಇವತ್ತಿಗೂ ಮೇಲೆದ್ದಿಲ್ಲ. ಆದರೂ ಶೆಡ್ಡು ನಡೆಯುತ್ತಿದೆ. ಬೇರೆ ಗ್ಯಾರೇಜಿನವರೂ ಕೋರಿಗೆ ಬಂದರು. ಲಾಭ ಸಣ್ಣದು, ಆದರೆ ಲಾಭವೇ. ಬೇವಿನ ಮರದ ಕೆಳಗಿನ ಡ್ರಮ್ಮುಗಳೂ ಕರಗಿದವು. ಮಾವ ಮಾತ್ರ ಇದೆಲ್ಲ ಆಮೇಲೆ ಬಿದ್ದ ಎರಡು ಹದ ಮಳೆಯಿಂದ ಆದದ್ದು ಎನ್ನುತ್ತಾರೆ. ಯಜಮಾನರು ಬೆಳಿಗ್ಗೆ ತಿಂಡಿ ತಿಂದು ಶಿಳ್ಳೆ ಹಾಕುತ್ತಾ ಹೊರಡುತ್ತಾರೆ, ಅಡುಗೆಮನೆ ನನ್ನದಾಗಿಯೇ ಉಳಿದಿದೆ.

ಭಾನುವಾರ ಮಾತ್ರ ನಾನೂ ಹೊರಡಬೇಕು. ಗ್ಯಾರೇಜಿನವರೆಲ್ಲ ಅಂದೇ ಶೆಡ್ಡಿಗೆ ಬರುತ್ತಾರೆ. ನಾನು ಕೂರದೆ ಯಾರೂ ಪಾಲು ಮುಟ್ಟುವುದಿಲ್ಲ. ಶಾಲೆಗೆ ರಜೆ ಸಿಗುವ ಒಂದೇ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ, ಗಂಡನ ಪಕ್ಕದಲ್ಲಿ. ಹೋದ ವಾರ ನೋಡಿದರೆ ನಮ್ಮವರು ನನಗಾಗಿ ಮೆತ್ತೆ ಹಾಕಿದ ಹೊಸ ಕುರ್ಚಿ ತರಿಸಿಟ್ಟಿದ್ದಾರೆ. ಬಂದವರಿಗೆಲ್ಲ ಅದನ್ನು ತಟ್ಟಿ ತೋರಿಸುತ್ತಾ, "ಇನ್ನು ಸ್ವಲ್ಪ ದಿನ, ರಿಟೈರ್ ಆದ್ಮೇಲೆ ಮೇಡಂ ದಿನಾ ಇಲ್ಲೇ ಇರ್ತಾರೆ" ಎಂದು ಹೇಳಿಕೊಳ್ಳುತ್ತಿದ್ದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ಬೇಡ ಎನ್ನಲು ಬಾಯಿ ಬರಲಿಲ್ಲ. ಓಬಳೇಶನ ಆಯಿಲನ್ನು ಕೋರಿಗೆ ಹಾಕಿಸಿ ಬಂದೆ ಎಂದು ಬೀಗುತ್ತಿದ್ದೆ. ಕೋರಿಗೆ ಹೋದವಳು ನಾನೇ.